ಸಿವಿಲೈಸೇಶನ್ 6: ರಾತ್ರಿ ಅರ್ಧ ಗಂಟೆ ಸಿಗುವವರಿಗೆ ಈ ಗೇಮ್ ಒಗ್ಗುತ್ತದಾ?

ಕಾಲೇಜಿನಲ್ಲಿ ಸ್ಟ್ರಾಟಜಿ ಗೇಮ್ ಆಡಿಕೊಂಡು ಬೆಳೆದವರನ್ನು ಈಗ ಕೇಳಿ ನೋಡಿ. "ಈಗೆಲ್ಲಿ ಟೈಮ್ ಮಾರಾಯ" ಅಂತಾರೆ. ಆಫೀಸು, ಟ್ರಾಫಿಕ್ಕು, ಮಗುವಿನ ಹೋಮ್‌ವರ್ಕು, ಊರಿಂದ ಅಮ್ಮನ ಫೋನು, ಇದೆಲ್ಲ ಮುಗಿದು ಲ್ಯಾಪ್‌ಟಾಪ್ ಮುಂದೆ ಕೂರುವಷ್ಟರಲ್ಲಿ ಗಂಟೆ ಹತ್ತೂವರೆ ಆಗಿರುತ್ತದೆ. ಆಗ ನೂರಾರು ಟರ್ನ್‌ಗಳ, ಅಂದರೆ ಸರದಿಗಳ, ಗೇಮ್ ಶುರು ಮಾಡುವುದು ಹುಚ್ಚು ಅನ್ನಿಸುವುದು ಸಹಜ. ಅದಕ್ಕೇ ಸುಮಾರು ಜನ ಈ ಹವ್ಯಾಸವನ್ನೇ ಬಿಟ್ಟುಬಿಟ್ಟಿದ್ದಾರೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಬಿಡಬೇಕಾದ ಅಗತ್ಯ ಇಲ್ಲ ಅಂತ ಹೇಳುವುದಕ್ಕೇ ಈ ರಿವ್ಯೂ ಬರೆಯುತ್ತಿದ್ದೇನೆ.

ನಾನು ನೋಡಿದ ಹಾಗೆ ಒಟ್ಟು ಎಷ್ಟು ಗಂಟೆ ಹಿಡಿಯುತ್ತದೆ ಅನ್ನುವುದು ಅಂಥ ದೊಡ್ಡ ತೊಂದರೆ ಅಲ್ಲ. ಅರವತ್ತು ಗಂಟೆಯ ಆಟವನ್ನು ಆರು ತಿಂಗಳು ಆಡಿದರೆ ಯಾರಿಗೇನು ನಷ್ಟ? ಕಷ್ಟ ಇರುವುದು ಮತ್ತೆ ಶುರು ಮಾಡುವುದರಲ್ಲಿ. ಮಂಗಳವಾರ ನಿಲ್ಲಿಸಿದ ಆಟವನ್ನು ಶನಿವಾರ ತೆರೆದರೆ ಈ ಸೈನ್ಯ ಎಲ್ಲಿಗೆ ಹೊರಟಿತ್ತು, ಈ ಊರಿನಲ್ಲಿ ಏನು ಕಟ್ಟಬೇಕು ಅಂದುಕೊಂಡಿದ್ದೆ, ಪಕ್ಕದವನ ಜೊತೆ ಯಾಕೆ ಜಗಳ ಆಯಿತು, ಒಂದೂ ನೆನಪಿರುವುದಿಲ್ಲ. ನೆನಪು ಮಾಡಿಕೊಳ್ಳುವಷ್ಟರಲ್ಲಿ ಸಿಕ್ಕ ಅರ್ಧ ಗಂಟೆ ಮುಗಿದಿರುತ್ತದೆ. ಹಾಗಾಗಿ ಕೆಲಸ, ಸಂಸಾರ ಇರುವವರು ಒಂದು ಸ್ಟ್ರಾಟಜಿ ಗೇಮ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ನಾಲ್ಕು ದಿನ ಬಿಟ್ಟು ಬಂದರೆ ಇದು ನನ್ನನ್ನು ಬೇಗ ಒಳಗೆ ಕರೆದುಕೊಳ್ಳುತ್ತದಾ?

ಸಿವಿಲೈಸೇಶನ್ 6 ಕರೆದುಕೊಳ್ಳುತ್ತದೆ. ಒಂದಿಷ್ಟು ಸೆಟ್ಟಿಂಗ್ ಬದಲಾಯಿಸಬೇಕು ಅಷ್ಟೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಈ ಸರಣಿಯ ಮೊದಲ ಗೇಮ್ ಬಂದಿದ್ದು 1991ರಲ್ಲಿ. ಆರನೆಯದನ್ನು ಮಾಡಿದ್ದು ಫಿರಾಕ್ಸಿಸ್ ಗೇಮ್ಸ್, ಬಂದಿದ್ದು 2016ರ ಅಕ್ಟೋಬರ್‌ನಲ್ಲಿ. ಒಂದು ಸಣ್ಣ ಊರಿನಿಂದ ಶುರು ಮಾಡಿ, ಕ್ರಿ.ಪೂ. 4000ರಿಂದ ಉಪಗ್ರಹಗಳ ಕಾಲದವರೆಗೆ ಒಂದು ನಾಗರಿಕತೆಯನ್ನು ಬೆಳೆಸಬೇಕು. ಯುದ್ಧ ಮಾಡಿಯೂ ಗೆಲ್ಲಬಹುದು, ವಿಜ್ಞಾನದಿಂದ, ಸಂಸ್ಕೃತಿಯಿಂದ, ಧರ್ಮದಿಂದಲೂ ಗೆಲ್ಲಬಹುದು. ಆಮೇಲೆ ಬಂದ ದೊಡ್ಡ ವಿಸ್ತರಣೆಗಳು ಎರಡು: 2018ರ ರೈಸ್ ಅಂಡ್ ಫಾಲ್, 2019ರ ಗ್ಯಾದರಿಂಗ್ ಸ್ಟಾರ್ಮ್.

ಇದು ಟರ್ನ್ ಆಧಾರಿತ ಆಟ. ನೀವು ಟರ್ನ್ ಮುಗಿಸುವವರೆಗೆ ಪ್ರಪಂಚ ಕಾಯುತ್ತದೆ. ಮಗು ಎದ್ದು ಅತ್ತರೆ ಹೋಗಿ ಮಲಗಿಸಿ ಬನ್ನಿ, ಯಾರೂ ಏನೂ ಮಾಡಿರುವುದಿಲ್ಲ. ಏಜ್ ಆಫ್ ಎಂಪೈರ್ಸ್ 2 ನನಗೂ ಪ್ರಾಣ. ಸೈಬರ್ ಕೆಫೆ ಕಾಲದಲ್ಲಿ ಅದನ್ನು ಆಡದವರು ಯಾರು ಅಲ್ವಾ? 2022ರಲ್ಲಿ ಅದಕ್ಕೆ ದಕ್ಷಿಣ ಭಾರತದ ನಾಗರಿಕತೆಯಾಗಿ ಡ್ರಾವಿಡಿಯನ್ಸ್ ಬಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಅದು ರಿಯಲ್ ಟೈಮ್, ಯಾರಿಗೂ ಕಾಯದೆ ಓಡುತ್ತಲೇ ಇರುತ್ತದೆ. ಆನ್‌ಲೈನ್ ಪಂದ್ಯದ ನಡುವೆ ಕುಕ್ಕರ್ ಕೂಗಿತು ಅಂತ ಎದ್ದು ಹೋದರೆ ಅಷ್ಟರಲ್ಲಿ ಎದುರಾಳಿಯ ಕುದುರೆಗಳು ಊರೊಳಗೆ ಬಂದಿರುತ್ತವೆ. ರಾಜಮನೆತನ ನಡೆಸುವ ಗೇಮ್ ಕ್ರುಸೇಡರ್ ಕಿಂಗ್ಸ್ 3ನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು, ನಿಜ. ಆದರೆ ಒಂದು ವಾರ ಬಿಟ್ಟು ಬಂದರೆ ಯಾರು ಯಾರ ಅಳಿಯ, ಯಾವ ತಮ್ಮ ಒಳಗೊಳಗೇ ಮಸಲತ್ತು ಮಾಡುತ್ತಿದ್ದ ಅನ್ನುವುದೇ ಮರೆತುಹೋಗಿರುತ್ತದೆ. ಅದು ಒಳ್ಳೆಯ ಗೇಮ್. ದೀಪಾವಳಿ ರಜೆಗೆ ಇಟ್ಟುಕೊಳ್ಳಿ.

ಸಿವ್ 6ರಲ್ಲಿ ನೆನಪಿಟ್ಟುಕೊಳ್ಳಬೇಕಾದ ಭಾರ ಕಡಿಮೆ. ಹಿಂದಿನ ಗೇಮ್‌ನಲ್ಲಿ ಕೆಲಸಗಾರರು ಒಂದೊಂದು ಕೆಲಸಕ್ಕೆ ನಾಲ್ಕಾರು ಟರ್ನ್ ತೆಗೆದುಕೊಳ್ಳುತ್ತಿದ್ದರು. ಇಲ್ಲಿ ಬಿಲ್ಡರ್‌ಗೆ ಸಾಮಾನ್ಯವಾಗಿ ಮೂರು ಕೆಲಸದ ಲೆಕ್ಕ. ಪ್ರತಿಯೊಂದೂ ಆ ಕ್ಷಣಕ್ಕೆ ಮುಗಿಯುತ್ತದೆ, ಮೂರೂ ಆದಮೇಲೆ ಅವನೇ ಇರುವುದಿಲ್ಲ. ಊರಿಂದ ಊರಿಗೆ ರಸ್ತೆಯನ್ನು ವ್ಯಾಪಾರಿಗಳೇ ಓಡಾಡುತ್ತಾ ಹಾಕಿಬಿಡುತ್ತಾರೆ. ಊರಿಗೊಂದು ಉತ್ಪಾದನೆಯ ಸರತಿ ಇದೆ. ಮೊದಲು ಧಾನ್ಯದ ಕಣಜ, ಆಮೇಲೆ ಗೋಡೆ, ಆಮೇಲೆ ಇಬ್ಬರು ಬಿಲ್ಲುಗಾರರು ಅಂತ ಸಾಲಾಗಿ ಇಟ್ಟು ಮಲಗಬಹುದು. ಈ ಸರತಿ ಮೊದಲು ಇರಲೇ ಇಲ್ಲ, 2019ರಲ್ಲಿ ಸೇರಿಸಿದರು. ನನ್ನ ಪ್ರಕಾರ ನಮ್ಮಂಥವರಿಗೆ ಅವರು ಮಾಡಿದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು.

ಇನ್ನೊಂದು ಉಪಕಾರ ಮ್ಯಾಪ್ ಟ್ಯಾಕ್. ಇದನ್ನು ಎಷ್ಟು ಹೊಗಳಿದರೂ ಸಾಲದು, ಆದರೆ ಬಳಸುವವರು ಕಡಿಮೆ. ಮ್ಯಾಪ್‌ನ ಯಾವ ಚೌಕದ ಮೇಲಾದರೂ ಒಂದು ಗುರುತು ಚುಚ್ಚಿ ಅದರ ಮೇಲೆ ಏನು ಬೇಕಾದರೂ ಬರೆದಿಡಬಹುದು. ಈ ಗೇಮ್‌ನಲ್ಲಿ ಶಾಲೆ, ಮಾರುಕಟ್ಟೆ, ಕಾರ್ಖಾನೆ ಎಲ್ಲ ಊರಿನ ಹೊರಗೆ ಬೇರೆ ಬೇರೆ ಚೌಕಗಳಲ್ಲಿ ಬರುತ್ತವೆ. ಅದನ್ನು ಡಿಸ್ಟ್ರಿಕ್ಟ್ ಅನ್ನುತ್ತಾರೆ. ವಿದ್ಯೆಯ ಕ್ಯಾಂಪಸ್ ಬೆಟ್ಟಗಳ ಪಕ್ಕ ಇದ್ದರೆ ಲಾಭ ಜಾಸ್ತಿ, ಬಂದರು ಇದ್ದ ಕಡೆ ವ್ಯಾಪಾರ ಚೆನ್ನಾಗಿ ಕುದುರುತ್ತದೆ. ಹೀಗಾಗಿ ಯಾವುದು ಎಲ್ಲಿ ಅಂತ ಮೊದಲೇ ಯೋಚಿಸಬೇಕು. ಆ ಯೋಚನೆಯನ್ನು ತಲೆಯಲ್ಲಿ ಹೊತ್ತುಕೊಂಡು ಆಫೀಸಿಗೆ ಹೋಗಬೇಕಾಗಿಲ್ಲ, ಮ್ಯಾಪ್‌ನಲ್ಲೇ ಬರೆದಿಡಿ. ನಾನು ಆಟ ನಿಲ್ಲಿಸುವ ಮುಂಚೆ ಕೊನೆಯ ಎರಡು ನಿಮಿಷ ಇದಕ್ಕೇ ಇಡುತ್ತೇನೆ. "ಇಲ್ಲಿ ಕ್ಯಾಂಪಸ್", "ಈ ಕಣಿವೆ ದಾಟಬೇಡ, ರೋಮ್ ಸೈನ್ಯ ಇದೆ", "ಕಬ್ಬಿಣ ಸಿಕ್ಕಿದ ಮೇಲೆ ಈ ಊರಿನ ಮೇಲೆ ದಾಳಿ". ಮತ್ತೆ ತೆರೆದಾಗ ಓದಿಕೊಂಡರೆ ಒಂದೇ ನಿಮಿಷದಲ್ಲಿ ದಾರಿ ಹತ್ತುತ್ತದೆ. ಉಳಿದ ಯಾವ ಸಲಹೆ ಬಿಟ್ಟರೂ ಪರವಾಗಿಲ್ಲ, ಇದೊಂದನ್ನು ಮಾಡಿ.

ಸಣ್ಣ ಹೊತ್ತಿಗೆ ಸಣ್ಣ ಗುರಿಯೂ ಬೇಕಾಗುತ್ತದೆ. ಅದಕ್ಕೆ ಯುರೇಕಾ ಅನ್ನುವ ಏರ್ಪಾಡಿದೆ. ಕವಣೆಯವನಿಂದ ಒಬ್ಬ ಶತ್ರುವನ್ನು ಹೊಡೆದರೆ ಬಿಲ್ವಿದ್ಯೆ ಬೇಗ ಬರುತ್ತದೆ. ಕಲ್ಲುಗಣಿ ಮಾಡಿದರೆ ಗೋಡೆ ಕಟ್ಟುವ ವಿದ್ಯೆ ಬೇಗ. ಸಮುದ್ರದ ದಡದಲ್ಲಿ ಊರು ಹಾಕಿದರೆ ಹಡಗಿನ ವಿದ್ಯೆ ಬೇಗ. ಇವತ್ತು ರಾತ್ರಿ ಇದಿಷ್ಟು ಮಾಡಿ ಮಲಗುತ್ತೇನೆ ಅಂತ ಒಂದು ಯುರೇಕಾ ಹಿಡಿದುಕೊಂಡು ಆಡಿದರೆ, ಇಪ್ಪತ್ತು ನಿಮಿಷದ ಆಟವೂ ಪೂರ್ತಿ ಆಟ ಆಡಿದ ಹಾಗೆ ಅನ್ನಿಸುತ್ತದೆ. "ಇನ್ನೊಂದೇ ಒಂದು ಟರ್ನ್" ಅನ್ನುವ ಚಟಕ್ಕೆ ಈ ಸರಣಿ ಹೆಸರುವಾಸಿ. ಗೆದ್ದಮೇಲೂ ಹಾಗಂತಲೇ ಕೇಳುವ ಒಂದು ಬಟನ್ ಕೊಟ್ಟಿದ್ದಾರೆ. ಮುಂಚೆಯೇ ಗುರಿ ಇಟ್ಟುಕೊಂಡರೆ ಎದ್ದು ಬರುವುದು ಸುಲಭ.

ಈಗ ಸೆಟ್ಟಿಂಗ್ ವಿಷಯ. ಸ್ಟ್ಯಾಂಡರ್ಡ್ ವೇಗದಲ್ಲಿ ಆಟ 500 ಟರ್ನ್. ಮ್ಯಾರಥಾನ್ ತೆಗೆದುಕೊಂಡರೆ 1500, ಅದರ ಹತ್ತಿರವೂ ಹೋಗಬೇಡಿ. ಆನ್‌ಲೈನ್ ಅಂತ ಒಂದು ವೇಗ ಇದೆ. ಹೆಸರು ನೋಡಿ ಇದು ಇಂಟರ್‌ನೆಟ್‌ನಲ್ಲಿ ಆಡುವವರಿಗೆ ಮಾತ್ರ ಅಂದುಕೊಳ್ಳುವವರು ಜಾಸ್ತಿ. ಹಾಗಿಲ್ಲ, ಒಬ್ಬರೇ ಆಡುವಾಗಲೂ ಆರಿಸಬಹುದು. ಅದರಲ್ಲಿ 250 ಟರ್ನ್. ಕಟ್ಟಡ, ಸಂಶೋಧನೆ ಎಲ್ಲ ಬೇಗ ಬೇಗ ಮುಗಿಯುವುದರಿಂದ ಪ್ರತಿ ಟರ್ನ್‌ನಲ್ಲೂ ಏನಾದರೂ ಆಗುತ್ತಲೇ ಇರುತ್ತದೆ. ಇದಕ್ಕೂ ಬೆಲೆ ತೆರಬೇಕು. ಸೈನ್ಯ ನಡೆಯುವ ವೇಗ ಮಾತ್ರ ಹಳೆಯದೇ ಇರುತ್ತದೆ, ಹಾಗಾಗಿ ದೂರದ ಶತ್ರುವಿನ ಊರು ಮುಟ್ಟುವಷ್ಟರಲ್ಲಿ ನಿಮ್ಮ ಕತ್ತಿಯವರು ಹಳೇ ಕಾಲದವರಾಗಿರುತ್ತಾರೆ. ಯುದ್ಧವೇ ಇಷ್ಟ ಅನ್ನುವವರು 330 ಟರ್ನ್‌ನ ಕ್ವಿಕ್ ತೆಗೆದುಕೊಳ್ಳಿ. ಮ್ಯಾಪ್ ಟೈನಿ ಇರಲಿ, ನಾಲ್ಕೇ ನಾಗರಿಕತೆ ಬರುತ್ತವೆ. ಆಪ್ಶನ್ಸ್‌ನಲ್ಲಿ ಕ್ವಿಕ್ ಮೂವ್‌ಮೆಂಟ್, ಕ್ವಿಕ್ ಕಾಂಬ್ಯಾಟ್ ಎರಡನ್ನೂ ಆನ್ ಮಾಡಿ, ಸೈನಿಕರು ನಡೆಯುವುದನ್ನು ನೋಡುತ್ತಾ ಕೂರುವ ಸಮಯ ಉಳಿಯುತ್ತದೆ. ಆಟೋಸೇವ್ ಪ್ರತಿ ಟರ್ನ್‌ಗೂ ಆಗುವ ಹಾಗೆ ಇಡಿ. ಆಗ ಲ್ಯಾಪ್‌ಟಾಪ್ ಮುಚ್ಚಿ ಓಡಬೇಕಾಗಿ ಬಂದರೂ ಚಿಂತೆ ಇಲ್ಲ.

ಭಾರತ ತೆಗೆದುಕೊಂಡು ಆಡಿದರೆ ನಮ್ಮವರಿಗೆ ಬೇರೆಯೇ ಖುಷಿ ಇದೆ. ಮೂಲ ಗೇಮ್‌ನಲ್ಲಿ ಗಾಂಧೀಜಿ ಇದ್ದಾರೆ, ರೈಸ್ ಅಂಡ್ ಫಾಲ್‌ನಲ್ಲಿ ಚಂದ್ರಗುಪ್ತ ಮೌರ್ಯ. ಭಾರತಕ್ಕೆ ಮಾತ್ರ ಸಿಗುವ ಕಟ್ಟಡ ಮೆಟ್ಟಿಲು ಬಾವಿ, ನಮ್ಮ ಕಲ್ಯಾಣಿಯ ಹಾಗೆಯೇ. ಅದನ್ನು ಕಟ್ಟಿದರೆ ಆಹಾರ, ವಸತಿ ಎರಡೂ ಹೆಚ್ಚುತ್ತವೆ, ದೇವಸ್ಥಾನದ ಚೌಕದ ಪಕ್ಕ ಕಟ್ಟಿದರೆ ಭಕ್ತಿಯೂ ಸೇರುತ್ತದೆ. ಯಾರೋ ಯೋಚನೆ ಮಾಡಿಯೇ ಹಾಕಿದ್ದಾರೆ. ವರು ಅನ್ನುವ ಆನೆ ಪಡೆಯೂ ಇದೆ. ನನ್ನ ಮಗಳು ಭಾನುವಾರ ಬೆಳಿಗ್ಗೆ ಪಕ್ಕದಲ್ಲಿ ಬಂದು ಕೂತು "ಅಪ್ಪಾ, ಆನೆ ಈ ಕಡೆ ಕಳಿಸು" ಅಂತ ಆಜ್ಞೆ ಮಾಡುತ್ತಾಳೆ. ಆ ಹೊತ್ತಿನ ಯುದ್ಧತಂತ್ರ ಪೂರ್ತಿ ಅವಳದೇ.

ಇನ್ನು ದೋಷಗಳು. ದೊಡ್ಡದು ಅಂದರೆ ಆಟದ ಕೊನೆಯ ಮೂರನೇ ಒಂದು ಭಾಗ. ಊರು ಹತ್ತು ದಾಟಿದ ಮೇಲೆ ಪ್ರತಿ ಟರ್ನ್‌ನಲ್ಲೂ ಗೇಮ್ ನಿಮ್ಮನ್ನು ಏನೇನೋ ಕೇಳುತ್ತಲೇ ಇರುತ್ತದೆ. ವ್ಯಾಪಾರಿಯ ಪ್ರಯಾಣ ಮುಗಿಯಿತು, ಮತ್ತೆ ಎಲ್ಲಿಗೆ ಕಳಿಸಲಿ? ಗೂಢಚಾರ ಖಾಲಿ ಕೂತಿದ್ದಾನೆ, ಏನು ಮಾಡಲಿ? ವಿಶ್ವ ಸಭೆ ಸೇರಿದೆ, ಮತ ಹಾಕಿ. ಶುರುವಿನಲ್ಲಿ ಅರ್ಧ ಗಂಟೆಗೆ ಇಪ್ಪತ್ತೈದು ಟರ್ನ್ ಸಾಗಿದರೆ ಇಲ್ಲಿ ನಾಲ್ಕೈದು ಸಾಗುವುದೇ ಕಷ್ಟ. ಕಂಪ್ಯೂಟರ್ ಎದುರಾಳಿಗಳ ಸರದಿ ಮುಗಿಯಲಿ ಅಂತ ಕಾಯುವುದೂ ಜಾಸ್ತಿಯಾಗುತ್ತದೆ. ಅವರು ಅಷ್ಟು ಜಾಣರೂ ಅಲ್ಲ. ಯುದ್ಧದಲ್ಲಿ ಸೈನ್ಯವನ್ನು ಸುಮ್ನೆ ಗೋಡೆಯ ಕೆಳಗೆ ತಂದು ನಿಲ್ಲಿಸುತ್ತಾರೆ. ಕಠಿಣ ಹಂತದಲ್ಲಿ ಅವರ ಬುದ್ಧಿ ಬೆಳೆಯುವುದಿಲ್ಲ, ಶುರುವಿನಲ್ಲೇ ಹೆಚ್ಚು ಸೈನ್ಯ, ಹೆಚ್ಚು ಸಂಪತ್ತು ಕೊಟ್ಟು ಕಷ್ಟ ಮಾಡುತ್ತಾರೆ. ಇಷ್ಟು ಚೆಂದದ ಗೇಮ್‌ಗೆ ಇದು ಸಲ್ಲದು. ಇಷ್ಟು ವರ್ಷ ಆದರೂ ಇದು ಪೂರ್ತಿ ಸರಿಹೋಗಿಲ್ಲ.

ನಾನು ಇದಕ್ಕೆ ಎರಡು ದಾರಿ ಹಿಡಿಯುತ್ತೇನೆ. ಮೊದಲನೆಯದು, ಅಡ್ವಾನ್ಸ್ಡ್ ಸೆಟಪ್‌ನಲ್ಲಿ ಟರ್ನ್‌ಗಳ ಮಿತಿಯನ್ನು ನಾವೇ ಹಾಕಬಹುದು. ಸ್ಟ್ಯಾಂಡರ್ಡ್ ವೇಗದಲ್ಲಿ 150 ಅಂತ ಹಾಕಿದರೆ ಅಷ್ಟಕ್ಕೆ ಅಂಕಗಳ ಲೆಕ್ಕದಲ್ಲಿ ಗೆದ್ದವರು ಯಾರು ಅಂತ ತೀರ್ಮಾನ ಆಗುತ್ತದೆ. ಪುರಾತನ ಕಾಲದಿಂದ ಮಧ್ಯಯುಗದವರೆಗಿನ ರುಚಿಯಾದ ಭಾಗ ಪೂರ್ತಿ ಸಿಗುತ್ತದೆ, ಕೊನೆಯ ಜಂಜಾಟ ಇರುವುದಿಲ್ಲ. ಎರಡನೆಯದು, ಗೆಲುವು ನನ್ನದೇ ಅಂತ ಖಾತ್ರಿ ಆದ ದಿನ ಆ ಆಟ ಬಿಟ್ಟು ಹೊಸದು ಶುರು ಮಾಡುವುದು. ಕೆಲವರಿಗೆ ಇದು ಅರ್ಧ ಊಟಕ್ಕೆ ಎದ್ದ ಹಾಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಈ ಗೇಮ್‌ನ ಜೀವ ಇರುವುದು ಮೊದಲ ನೂರು ಟರ್ನ್‌ಗಳಲ್ಲಿ, ಗೊತ್ತಿಲ್ಲದ ನೆಲ ತೆರೆದುಕೊಳ್ಳುವಾಗ. ಸಿನಾರಿಯೋ ಅಂತ ಮೊದಲೇ ಹೊಂದಿಸಿಟ್ಟ ಚಿಕ್ಕ ಆಟಗಳೂ ಇವೆ. ಆಸ್ಟ್ರೇಲಿಯಾ ಪ್ಯಾಕ್‌ನ ಔಟ್‌ಬ್ಯಾಕ್ ಟೈಕೂನ್ ಅನ್ನುವುದು 60 ಟರ್ನ್‌ಗೆ ಮುಗಿಯುತ್ತದೆ, ಅದರಲ್ಲಿ ಯುದ್ಧವೇ ಇಲ್ಲ, ಬರೀ ವ್ಯಾಪಾರ. ಒಂದು ವಾರಾಂತ್ಯಕ್ಕೆ ಸರಿಹೋಗುತ್ತದೆ.

ಮೊಬೈಲ್‌ನಲ್ಲೂ ಪೂರ್ತಿ ಗೇಮ್ ಇದೆ. ಐಪ್ಯಾಡ್‌ಗೆ 2017ರಲ್ಲಿ, ಐಫೋನ್‌ಗೆ 2018ರಲ್ಲಿ, ಆಂಡ್ರಾಯ್ಡ್‌ಗೆ 2020ರಲ್ಲಿ ಬಂತು. ಟ್ಯಾಬ್ಲೆಟ್‌ನಲ್ಲಿ ಆಟ ಸೊಗಸಾಗಿದೆ. ಫೋನ್‌ನಲ್ಲಿ ಅಕ್ಷರ ತೀರಾ ಸಣ್ಣದು, ಬ್ಯಾಟರಿ ಬೇಗ ಇಳಿಯುತ್ತದೆ, ಫೋನು ಬಿಸಿಯಾಗುತ್ತದೆ. ಮೆಟ್ರೋದಲ್ಲಿ ಸೀಟು ಸಿಕ್ಕಿದರೆ ಆಡಬಹುದು. ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತು ಆಡುವ ಗೇಮ್ ಅಲ್ಲ. ನಿಂತು ಪ್ರಯಾಣ ಮಾಡುವವರಿಗೆ ಪಾಲಿಟೋಪಿಯಾ ಒಳ್ಳೆಯದು. ಇದೇ ಜಾತಿಯ ಆಟ, ತುಂಬಾ ಚಿಕ್ಕದು, ಅದರ ಪರ್ಫೆಕ್ಷನ್ ಅನ್ನುವ ಬಗೆ 30 ಟರ್ನ್‌ಗೇ ಮುಗಿಯುತ್ತದೆ.

ನನಗೆ ಅತಿ ಹೆಚ್ಚು ಇಷ್ಟವಾದದ್ದನ್ನು ಇನ್ನೂ ಹೇಳಿಲ್ಲ. ಕಂಪ್ಯೂಟರ್‌ನಲ್ಲಿ ಪ್ಲೇ ಬೈ ಕ್ಲೌಡ್ ಅಂತ ಒಂದು ವಿಧಾನ ಇದೆ. ಗೆಳೆಯರೆಲ್ಲ ಒಂದೇ ಹೊತ್ತಿಗೆ ಕೂರಬೇಕಾಗಿಲ್ಲ. ನನ್ನ ಟರ್ನ್ ನಾನು ಆಡಿ ಮುಗಿಸುತ್ತೇನೆ, ಆಟ ಕ್ಲೌಡ್‌ನಲ್ಲಿ ಕೂತಿರುತ್ತದೆ, ಮುಂದಿನವರು ಬಿಡುವಾದಾಗ ಆಡುತ್ತಾರೆ. ನಮ್ಮ ಹಾಸ್ಟೆಲ್ ಗುಂಪಿನವರು ಈಗ ಒಬ್ಬ ಮೈಸೂರಿನಲ್ಲಿ, ಒಬ್ಬ ಹುಬ್ಬಳ್ಳಿಯಲ್ಲಿ, ಇನ್ನೊಬ್ಬ ಡಬ್ಲಿನ್‌ನಲ್ಲಿ ಇದ್ದಾರೆ. ಎಲ್ಲರಿಗೂ ಸರಿಹೋಗುವ ಒಂದು ಗಂಟೆ ಹುಡುಕುವುದು ಆಗದ ಮಾತು. ಇದರಲ್ಲಿ ದಿನಕ್ಕೆ ಒಂದೋ ಎರಡೋ ಟರ್ನ್, ಐದೈದು ನಿಮಿಷ. ಆಟ ತಿಂಗಳುಗಟ್ಟಲೆ ಎಳೆಯುತ್ತದೆ, ಎಳೆಯಲಿ ಬಿಡಿ. ವಾಟ್ಸಾಪ್ ಗ್ರೂಪಿನಲ್ಲಿ ಬರೀ ಗುಡ್ ಮಾರ್ನಿಂಗ್ ಚಿತ್ರ ಬರುತ್ತಿದ್ದ ಕಡೆ ಈಗ "ಲೋ, ನಿನ್ನ ಸೈನ್ಯ ನನ್ನ ಗಡಿಯಲ್ಲಿ ಏನು ಮಾಡ್ತಾ ಇದೆ?" ಅಂತ ಜಗಳ ನಡೆಯುತ್ತದೆ. ಇದೊಂದಕ್ಕೇ ಕೊಟ್ಟ ದುಡ್ಡು ಬಂದ ಹಾಗೆ.

ಏಳನೆಯದು ಬಂದಿದೆಯಲ್ಲ, ಅದನ್ನೇ ತೆಗೆದುಕೊಳ್ಳಬಾರದಾ ಅಂತ ಕೇಳಬಹುದು. ಸಿವಿಲೈಸೇಶನ್ 7 2025ರ ಫೆಬ್ರವರಿಯಲ್ಲಿ ಬಂತು. ಅದರಲ್ಲಿ ಇಡೀ ಆಟವನ್ನು ಮೂರು ಯುಗಗಳಾಗಿ ಒಡೆದಿದ್ದಾರೆ. ಒಂದು ಯುಗ ಮುಗಿದಾಗ ನಿಲ್ಲಿಸಿ, ವಾರ ಬಿಟ್ಟು ಮುಂದಿನದು ಶುರು ಮಾಡಬಹುದು. ಮೌರ್ಯರೂ ಚೋಳರೂ ಬೇರೆ ಬೇರೆಯಾಗಿಯೇ ಇದ್ದಾರೆ. ಟೈಮ್ ಇಲ್ಲದವರಿಗೆ ಕಾಗದದ ಮೇಲೆ ಇದೇ ಸರಿಯಾದ ವಿನ್ಯಾಸ. ಆದರೆ ಯುಗ ಬದಲಾಗುವಾಗ ನಾನು ಕಟ್ಟಿ ಬೆಳೆಸಿದ್ದರಲ್ಲಿ ಸುಮಾರು ಕೈತಪ್ಪಿ ಹೋದ ಭಾವನೆ ಬರುತ್ತದೆ. ವಾರಕ್ಕೆ ಮೂರು ಗಂಟೆ ಕೊಟ್ಟು ಬೆಳೆಸಿದವನಿಗೆ ಅದು ಇನ್ನೂ ಜಾಸ್ತಿ ಚುಚ್ಚುತ್ತದೆ. ಬೆಲೆಯೂ ಜಾಸ್ತಿ. ಸದ್ಯಕ್ಕೆ ನನ್ನ ಓಟು ಆರಕ್ಕೇ.

ಕೊಳ್ಳುವುದಾದರೆ ಪೂರ್ತಿ ಬೆಲೆ ಕೊಡಬೇಡಿ. ಹಳೆಯ ಗೇಮ್, ಸೇಲ್ ಬಂದಾಗಲೆಲ್ಲ ಬೆಲೆ ಸಿಕ್ಕಾಪಟ್ಟೆ ಇಳಿಯುತ್ತದೆ. 2020ರ ಮೇ ತಿಂಗಳಲ್ಲಿ ಎಪಿಕ್ ಸ್ಟೋರ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿ ಮೂಲ ಗೇಮನ್ನು ಒಂದು ವಾರ ಪುಕ್ಕಟೆ ಕೊಟ್ಟಿತ್ತು. ಲಾಕ್‌ಡೌನ್‌ನಲ್ಲಿ ಅದನ್ನು ಪಡೆದು ಮರೆತವರು ಎಷ್ಟೋ ಜನ ಇದ್ದಾರೆ, ಮೊದಲು ನಿಮ್ಮ ಅಕೌಂಟ್ ತೆರೆದು ನೋಡಿ, ಇರಬಹುದು. ವಿಸ್ತರಣೆಗಳಲ್ಲಿ ಒಂದನ್ನೇ ತೆಗೆದುಕೊಳ್ಳುವುದಾದರೆ ಗ್ಯಾದರಿಂಗ್ ಸ್ಟಾರ್ಮ್ ತೆಗೆದುಕೊಳ್ಳಿ. ಪ್ರವಾಹ, ಬರ, ಜ್ವಾಲಾಮುಖಿ ಎಲ್ಲ ಅದರಲ್ಲಿದೆ. ನದಿ ಉಕ್ಕಿ ಹೊಲ ಕೊಚ್ಚಿಕೊಂಡು ಹೋಗುತ್ತದೆ, ಆದರೆ ಬಿಟ್ಟುಹೋದ ಮಣ್ಣು ಮೊದಲಿಗಿಂತ ಫಲವತ್ತಾಗಿರುತ್ತದೆ, ಹಾಗಾಗಿ ನದಿ ಪಕ್ಕ ಊರು ಹಾಕುವುದೋ ಬೇಡವೋ ಅನ್ನುವುದೇ ಒಂದು ಒಳ್ಳೆಯ ತಲೆನೋವು. ಮೊದಲ ಸಲ ಆಡುವವರಿಗೆ ಮೂಲ ಗೇಮ್ ಒಂದೇ ಸಾಕು. ಕಷ್ಟದ ಹಂತ ಪ್ರಿನ್ಸ್, ಟೈನಿ ಮ್ಯಾಪ್, ಆನ್‌ಲೈನ್ ವೇಗ ಇಟ್ಟು ಶುರು ಮಾಡಿ, ಮಲಗುವ ಮುಂಚೆ ಮ್ಯಾಪ್ ಮೇಲೆ ಎರಡು ಸಾಲು ಬರೆದಿಡಿ.