ಅಕ್ಕಿಯೋ, ಹಣವೋ: ನೆರವು ನೀಡುವವರಿಗೊಂದು ಹೋಲಿಕೆ

ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ಕೂಲಿ ಕುಟುಂಬವೊಂದಕ್ಕೆ ನೆರವಾಗಬಯಸುವವರು ಧಾನ್ಯ ಕೊಡಬೇಕೋ ಹಣ ಕೊಡಬೇಕೋ ಎಂದು ಯೋಚಿಸುವಾಗ, ಸರ್ಕಾರವೇ ಎರಡನ್ನೂ ಮಾಡಿ ನೋಡಿದ್ದನ್ನು ನೆನೆಯಬಹುದು. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಗೆ ಬದಲಾಗಿ, ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯೇ ಬಂತು.

ಪೇಟೆಯಲ್ಲಿ ಬೆಲೆ ಏರಿದರೂ ಅಕ್ಕಿಯ ತೂಕ ಕುಗ್ಗುವುದಿಲ್ಲ, ಸಾಲ ಕೊಟ್ಟವರ ಕೈಗೂ ಅದು ಸುಲಭವಾಗಿ ಸೇರುವುದಿಲ್ಲ. ಆದರೆ ಮುದ್ದೆ ಉಣ್ಣುವ ಈ ಸೀಮೆಯಲ್ಲಿ ಅಕ್ಕಿ ಮಿಕ್ಕು, ಕಡಿಮೆ ಬೆಲೆಗೆ ಮಾರಾಟವಾಗುವುದೂ ಉಂಟು.

ಹಣದ ಗುಣ ಬೇರೆ. ನಾಲ್ವರ ಮನೆಗೆ ಬರುತ್ತಿದ್ದ 680 ರೂಪಾಯಿ ರಾಗಿಯಾಗಬಹುದಿತ್ತು, ಹಸುವಿನ ಬೂಸಾ ಆಗಬಹುದಿತ್ತು, ಸ್ತ್ರೀಶಕ್ತಿ ಸಂಘದ ಕಂತೂ ಆಗಬಹುದಿತ್ತು. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಮನೆಯೊಡತಿಯ ಖಾತೆಗೇ ಬರುವುದರಿಂದ ಖರ್ಚಿನ ತೀರ್ಮಾನದಲ್ಲಿ ಆಕೆಯ ಮಾತಿಗೆ ಬೆಲೆ ಸಿಗಲು ಅವಕಾಶವಿದೆ. ಆದರೆ ಕಂತು ತಡವಾದ ತಿಂಗಳು, ಅದನ್ನೇ ನಂಬಿ ಅಂಗಡಿಯಲ್ಲಿ ಸಾಲ ಬರೆಸಿದವಳಿಗೆ ಇಕ್ಕಟ್ಟು ತಪ್ಪದು.

ನನ್ನ ಮಟ್ಟಿಗೆ, ಮನೆಯಲ್ಲಿ ಹಸುವಿದ್ದು, ಹೆಂಗಸಿನ ಹೆಸರಿನಲ್ಲಿ ಖಾತೆಯಿದ್ದರೆ ಹಣವೇ ಸರಿ. ದುಡಿಯುವವರಿಲ್ಲದ, ಬ್ಯಾಂಕಿನವರೆಗೆ ಹೋಗಲಾಗದ ವೃದ್ಧರ ಮನೆಗೆ ಧಾನ್ಯವೇ ಲೇಸು, ಅದರಲ್ಲೂ ರಾಗಿ.