ಪಕ್ಕದ ಮನೆಯವರು ತಿಗಣೆಗೆ ಗ್ಯಾಸ್ ಮಾತ್ರೆ ಇಡಿಸಿದರೆ ನೀವೂ ಮನೆ ಬಿಡಿ

ವಾಸದ ಮನೆಯಲ್ಲಿ ತಿಗಣೆಗೋ ಇಲಿಗೋ ಮರ ಕೊರೆಯುವ ಹುಳುವಿಗೋ ‘ಗ್ಯಾಸ್ ಮಾತ್ರೆ ಇಡುತ್ತೇವೆ’ ಎಂದು ಯಾರಾದರೂ ಬಂದರೆ ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳುಹಿಸಿ. ಅವರು ಬಂದಿರುವುದು ಪಕ್ಕದ ಮನೆಗಾದರೂ ಸುಮ್ಮನಿರಬೇಡಿ. ನಾವು ಆಸ್ಪತ್ರೆ ಸೇರಿದ್ದು ನಾವು ಕರೆಸದೇ ಇದ್ದ ಫ್ಯೂಮಿಗೇಷನ್‌ನಿಂದ, ಅಂದರೆ ವಿಷಾನಿಲ ತುಂಬಿ ಕೀಟ ಕೊಲ್ಲುವ ಕೆಲಸದಿಂದ.

ನಮಗೂ ಪಕ್ಕದವರಿಗೂ ನಡುವೆ ಇರುವುದು ಒಂದೇ ಗೋಡೆ. ತಿಗಣೆ ಕಾಟ ತಾಳಲಾರದೆ ಅವರು ಪೆಸ್ಟ್ ಕಂಟ್ರೋಲ್‌ನವನೊಬ್ಬನನ್ನು ಕರೆಸಿದ್ದರು. ಆತ ಮಂಚದ ಕೆಳಗೆ, ಕಪಾಟಿನೊಳಗೆ ಕಾಗದ ಹಾಸಿ ಮುಷ್ಟಿ ತುಂಬ ಮಾತ್ರೆ ಹರಡಿದ, ಬಾಗಿಲ ಸಂದಿಗೆ ಟೇಪ್ ಅಂಟಿಸಿದ, ಒಂದೆರಡು ದಿನ ಒಳಗೆ ಬರಬೇಡಿ ಎಂದು ಹೇಳಿ ಹೋದ. ಅವರು ಬೀಗ ಹಾಕಿಕೊಂಡು ನೆಂಟರ ಮನೆಗೆ ಹೊರಟರು. ನಮಗೆ ಒಂದು ಮಾತಿಲ್ಲ. ಬಾಗಿಲ ಮೇಲೆ ಒಂದು ಚೀಟಿಯೂ ಇಲ್ಲ.

ಅಂದು ರಾತ್ರಿ ಅಮ್ಮನಿಗೆ ತಲೆನೋವು, ವಾಕರಿಕೆ ಶುರುವಾಯಿತು. ಬೆಳಗಾಗುವ ಹೊತ್ತಿಗೆ ತಂಗಿಯೂ ವಾಂತಿ ಮಾಡಿಕೊಂಡಳು. ಊಟದಲ್ಲಿ ಏನೋ ಆಗಿರಬೇಕು ಎಂದುಕೊಳ್ಳುವುದು ಸಹಜ. ಈ ಮಾತ್ರೆಗಳು ಬಿಡುವ ಫಾಸ್ಫೀನ್ ಎಂಬ ವಿಷಾನಿಲದ ಮೊದಲ ಲಕ್ಷಣಗಳು ಕೆಟ್ಟ ಆಹಾರದ ಲಕ್ಷಣಗಳಂತೆಯೇ ಇರುತ್ತವೆ. ಎಲ್ಲಿಂದಲೋ ಕೊಳೆತ ಮೀನಿನಂಥ, ಬೆಳ್ಳುಳ್ಳಿಯಂಥ ಸಣ್ಣ ವಾಸನೆ ಬರುತ್ತಿತ್ತು. ಬಚ್ಚಲ ಪೈಪನ್ನು ಬಗ್ಗಿ ನೋಡಿದ್ದಾಯಿತು. ಕಚೇರಿಗೆ ಹೋದ ಮೇಲೆ ನನ್ನ ತಲೆಭಾರ ಇಳಿಯಿತು, ಸಂಜೆ ಮನೆಗೆ ಬಂದು ಕುಳಿತ ಸ್ವಲ್ಪ ಹೊತ್ತಿಗೆ ಮತ್ತೆ ಏರಿತು. ಅಷ್ಟರಲ್ಲಿ ಅಮ್ಮ ಎದೆ ಬಿಗಿಯುತ್ತಿದೆ ಎಂದರು.

ಆಸ್ಪತ್ರೆಯಲ್ಲಿ ಸುಳಿವು ಹಿಡಿದವರು ಒಬ್ಬ ಕಿರಿಯ ವೈದ್ಯೆ. ‘ಹೊರಗೆ ಹೋದರೆ ವಾಸಿ, ಒಳಗೆ ಬಂದರೆ ಕಾಯಿಲೆ ಎಂದರೆ ತೊಂದರೆ ಊಟದಲ್ಲಿಲ್ಲ, ಮನೆಯ ಗಾಳಿಯಲ್ಲಿದೆ. ಅಕ್ಕಪಕ್ಕದಲ್ಲಿ ಯಾರಾದರೂ ಕೀಟನಾಶಕ ಬಳಸಿದ್ದಾರೆಯೇ ಕೇಳಿ’ ಎಂದರು. ಪಕ್ಕದವರಿಗೆ ಫೋನ್ ಮಾಡಿದಾಗ ವಿಷಯ ಹೊರಬಿತ್ತು. ಫಾಸ್ಫೀನ್‌ಗೆ ಪ್ರತ್ಯೌಷಧ ಇಲ್ಲ. ಆಮ್ಲಜನಕ ಕೊಟ್ಟು, ಹೃದಯದ ಬಡಿತ ಗಮನಿಸುತ್ತ ಕಾಯುವುದೇ ಚಿಕಿತ್ಸೆ. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯ ಗಂಟೆಗಳು ಕಳೆದ ಮೇಲೂ ಬರಬಹುದಾದ್ದರಿಂದ, ಸುಧಾರಿಸಿದಂತೆ ಕಂಡರೂ ನಮ್ಮನ್ನು ಬಿಡಲಿಲ್ಲ.

ಮಾತ್ರೆಯಲ್ಲಿರುವುದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಅದು ಫಾಸ್ಫೀನ್ ಅನಿಲವನ್ನು ಬಿಡುತ್ತದೆ. 3 ಗ್ರಾಂ ಮಾತ್ರೆಯೊಂದರಿಂದ ಸುಮಾರು 1 ಗ್ರಾಂ. ಸಣ್ಣದೆನಿಸುತ್ತದೆ, ಅಲ್ಲವೇ? ಲೆಕ್ಕ ಹಾಕಿ ನೋಡಿ. 30 ಘನ ಮೀಟರ್‌ನ ಕೋಣೆ, ಅಂದರೆ ಒಂದು ಸಾಧಾರಣ ಮಲಗುವ ಕೋಣೆ, ಅಷ್ಟರಿಂದಲೇ ಸುಮಾರು 24 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 24 ಭಾಗ) ಅನಿಲದಿಂದ ತುಂಬುತ್ತದೆ. ದಿನಕ್ಕೆ ಎಂಟು ಗಂಟೆ ಈ ಅನಿಲದ ನಡುವೆ ದುಡಿಯುವವರಿಗೆ ವಿಧಿಸಿರುವ ಮಿತಿ 0.3 ಪಿಪಿಎಂ. ಅಂದರೆ ಒಂದೇ ಮಾತ್ರೆ, ಮಿತಿಯ ಎಂಬತ್ತು ಪಟ್ಟು. ಇನ್ನೊಂದು ಮಾತ್ರೆ ಸೇರಿಸಿದರೆ 50 ಪಿಪಿಎಂ ಹತ್ತಿರ ಬರುತ್ತದೆ. ಅದು ತಕ್ಷಣ ಪ್ರಾಣಕ್ಕೆ ಅಪಾಯ ಎಂದು ಗುರುತಿಸಿರುವ ಮಟ್ಟ. ನಮ್ಮ ಪಕ್ಕದ ಕೋಣೆಯಲ್ಲಿ ಇದ್ದದ್ದು ಮುಷ್ಟಿ ತುಂಬ!

ಮಾತ್ರೆ ಇಟ್ಟ ಆ ಪೆಸ್ಟ್ ಕಂಟ್ರೋಲ್‌ನವನಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರಗಳನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ನಿಮಗೂ ಇವನ್ನೇ ಹೇಳಬಹುದು. ‘ಇದು ಗಾಳಿಗಿಂತ ಭಾರದ ಅನಿಲ ಸಾರ್, ನೆಲದಲ್ಲೇ ಇರುತ್ತದೆ, ನಿಮ್ಮ ಮನೆಗೆ ಹೇಗೆ ಬರುತ್ತದೆ?’ ಗಾಳಿಗಿಂತ ಅದು ಭಾರವೇನೋ ಹೌದು, ಆದರೆ ಸುಮಾರು 1.2 ಪಟ್ಟು ಮಾತ್ರ. ಗಾಳಿಯೊಂದಿಗೆ ಸುಲಭವಾಗಿ ಬೆರೆತು ಗೋಡೆಯ ಬಿರುಕು, ವಿದ್ಯುತ್ ತಂತಿಯ ಕೊಳವೆ, ನಲ್ಲಿ ಪೈಪಿನ ಸುತ್ತಲಿನ ಸಂದಿ, ಹುಸಿ ಚಾವಣಿಯ ಮೇಲಿನ ಟೊಳ್ಳು, ಎಲ್ಲೆಂದರಲ್ಲಿ ನುಗ್ಗುತ್ತದೆ. ‘ವಾಸನೆ ಬಂದ ಕೂಡಲೇ ಹೊರಗೆ ಬರಬೇಕಿತ್ತು.’ ಶುದ್ಧ ಫಾಸ್ಫೀನ್‌ಗೆ ವಾಸನೆಯೇ ಇಲ್ಲ. ನಮಗೆ ಬಂದದ್ದು ಅದರೊಳಗಿನ ಕಲ್ಮಶಗಳ ವಾಸನೆ. ಅದು ಮಾಯವಾದ ಮೇಲೂ ಅನಿಲ ಉಳಿದಿರಬಹುದು. ‘ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದರೆ ಸಾಕಿತ್ತು.’ ಬಟ್ಟೆಯಾಗಲಿ ಧೂಳಿನ ಮಾಸ್ಕ್ ಆಗಲಿ ಈ ಅನಿಲವನ್ನು ತಡೆಯುವುದಿಲ್ಲ. ಕೊನೆಗೆ, ‘ಎಷ್ಟೋ ವರ್ಷದಿಂದ ಮಾಡುತ್ತಿದ್ದೇವೆ, ಯಾರಿಗೂ ಏನೂ ಆಗಿಲ್ಲ.’ ಅನಿಲ ಅಳೆಯುವ ಉಪಕರಣ ಇದೆಯೇ ಎಂದು ಕೇಳಿದೆ. ಫೋನ್ ಕಡಿತವಾಯಿತು.

ಈ ಅನಿಲವೇ ಬೇಡ ಎನ್ನುತ್ತಿಲ್ಲ. ಧಾನ್ಯದ ಗೋದಾಮಿನಲ್ಲಿ ಅನಿಲ ಸೋರದ ಹೊದಿಕೆ ಹೊದಿಸಿ, ಎಚ್ಚರಿಕೆ ಫಲಕ ಹಾಕಿ, ಅಳತೆ ಮಾಡುತ್ತ, ತರಬೇತಿ ಇದ್ದವರು ಬಳಸಿದರೆ ಅದು ಉಪಯುಕ್ತ. ಅದರ ಜಾಗ ಅದು, ಮಂಚದ ಕೆಳಗಲ್ಲ. ಅಮೆರಿಕದ ಯೂಟಾ ರಾಜ್ಯದಲ್ಲಿ 2010ರಲ್ಲಿ ಮನೆಯ ಹೊರಗೆ, ಅಂಗಳದಲ್ಲಿ ಇಲಿಜಾತಿಯ ಪ್ರಾಣಿಗಳ ಬಿಲಕ್ಕೆ ಹಾಕಿದ ಇದೇ ಮಾತ್ರೆಗಳಿಂದ ಒಳಗಿದ್ದ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಸತ್ತರು. ಆಮೇಲೆ ಅಲ್ಲಿ ವಾಸದ ಮನೆಗಳ ಸುತ್ತ ಇದರ ಬಳಕೆಯನ್ನೇ ನಿಷೇಧಿಸಲಾಯಿತು. ನಿಷೇಧ ಬಂದ ಮೇಲೂ, 2017ರಲ್ಲಿ, ಟೆಕ್ಸಾಸ್‌ನ ಅಮರಿಲೊದಲ್ಲಿ ಮನೆಯಡಿ ಹಾಕಿದ್ದ ಮಾತ್ರೆಗಳ ಮೇಲೆ ನೀರು ಹಾಯಿಸಿದ್ದರಿಂದ ಒಂದೇ ಕುಟುಂಬದ ನಾಲ್ವರು ಮಕ್ಕಳು ತೀರಿಕೊಂಡರು.

ನೀರಿನ ವಿಷಯವನ್ನು ಒತ್ತಿ ಹೇಳುತ್ತೇನೆ. ನಮ್ಮ ಪಕ್ಕದವರು ಬಂದು ಮೊದಲು ಮಾಡಹೊರಟದ್ದು ನೆಲದ ಮೇಲಿನ ಬೂದು ಪುಡಿಯನ್ನು ಒರೆಸಲು ಬಕೆಟ್ ನೀರು ತರುವುದು. ಪುಡಿಯಾದ ಮಾತ್ರೆಯಲ್ಲೂ ಇನ್ನೂ ಅನಿಲವಾಗದ ಫಾಸ್ಫೈಡ್ ಉಳಿದಿರಬಹುದು. ಅದಕ್ಕೆ ನೀರು ಬಿದ್ದರೆ ಅನಿಲ ಒಮ್ಮೆಲೇ ಏಳುತ್ತದೆ, ದಟ್ಟವಾದರೆ ತಾನಾಗಿಯೇ ಹೊತ್ತಿಕೊಳ್ಳಲೂಬಹುದು. ಪುಣ್ಯಕ್ಕೆ ಅಗ್ನಿಶಾಮಕ ದಳದವರು ಅಷ್ಟರಲ್ಲಿ ಬಂದಿದ್ದರು. ಪುಡಿಯನ್ನು ಗುಡಿಸಿ ಮುಚ್ಚಿದ ಡಬ್ಬಿಗೆ ತುಂಬುವುದೂ ಅಪಾಯವೇ.

ಇಷ್ಟೆಲ್ಲ ಆಗಿಯೂ ತಿಗಣೆ ಹೋಯಿತೇ ಎಂದರೆ, ಇಲ್ಲ, ಮತ್ತೆ ಬಂದಿವೆ. ಅನಿಲ ಹೊರಟುಹೋದ ಮೇಲೆ ಕಾವಲಿಗೆ ಏನೂ ಉಳಿಯುವುದಿಲ್ಲ. ತಿಗಣೆಯಾಗಲಿ ಅದರ ಮೊಟ್ಟೆಯಾಗಲಿ 50 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನು ತಾಳುವುದಿಲ್ಲ. ಹಾಸಿಗೆ ಬಟ್ಟೆಗೆ ಬಿಸಿನೀರು, ಮಂಚದ ಸಂದಿಗಳಿಗೆ ಹಬೆ, ಆಮೇಲೆ ಬಿರುಕುಗಳನ್ನು ಮುಚ್ಚುವುದು: ಬೇಸರದ ಕೆಲಸ, ಆದರೆ ಯಾರೂ ಸಾಯುವುದಿಲ್ಲ.

ಫ್ಯೂಮಿಗೇಷನ್ ಬೇಕೇ ಬೇಕು ಎಂದಾದರೆ ಅನಿಲದ ಹೆಸರನ್ನು ಬರೆಸಿಕೊಳ್ಳಿ. ‘ಹರ್ಬಲ್’, ‘ಪವರ್‌ಫುಲ್’ ಎನ್ನುವುದು ಹೆಸರಲ್ಲ. ಪರವಾನಗಿ ನೋಡಿ. ಗೋಡೆ ಹಂಚಿಕೊಂಡವರೆಲ್ಲ, ಮೇಲಿನವರು ಕೆಳಗಿನವರೂ ಸೇರಿ, ಹೊರಗಿರಬೇಕು. ಕಿಟಕಿ ತೆರೆದು ಇಷ್ಟು ಗಂಟೆ ಆಯಿತು ಎಂಬ ಲೆಕ್ಕ ಸಾಲದು. ಉಪಕರಣದಲ್ಲಿ ಅಳೆದು, ಒಳಗೆ ಹೋಗಬಹುದು ಎಂದು ಸಹಿ ಹಾಕಿ ಕೊಟ್ಟ ಮೇಲೆಯೇ ಒಳಗೆ ಕಾಲಿಡಿ.

ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ವಾಂತಿ ಬಂದರೆ ಮೊದಲು ಹೊರಗೆ ಬನ್ನಿ. ಕಿಟಕಿ ತೆರೆಯಲೆಂದು, ಮೊಬೈಲ್ ತರಲೆಂದು ಮತ್ತೆ ಒಳಗೆ ಹೋಗಬೇಡಿ. ಅಗ್ನಿಶಾಮಕ ದಳಕ್ಕೆ ಕರೆ ಮಾಡುವಾಗ ಮಾತ್ರೆಯ ಸಂಶಯ ಇದೆ ಎಂದು ಹೇಳಿ, ಅವರು ನೀರು ಹಾಯಿಸದಂತೆ ಸಿದ್ಧರಾಗಿ ಬರಲಿ. ವೈದ್ಯರಿಗೂ ಅಷ್ಟೇ, ಹೊಟ್ಟೆ ಕೆಟ್ಟಿದೆ ಎನ್ನಬೇಡಿ, ಫಾಸ್ಫೀನ್ ಇರಬಹುದು ಎಂದು ಹೆಸರು ಹಿಡಿದೇ ಹೇಳಿ.