ಆಫೀಸಿನ ಕೋಡ್ ಆಫೀಸಿನಲ್ಲೇ: ಗಿಟೊಲೈಟ್, ಗಿಟ್‌ಲ್ಯಾಬ್, ಫೋರ್ಜೆಯೋ ಮೂರನ್ನೂ ಬಳಸಿ ನೋಡಿದ ಮೇಲೆ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಎರಡನೇ ಮಹಡಿ ಮೇಲೆ ಎರಡು ಕೋಣೆಯ ಆಫೀಸು ನಮ್ಮದು. ಒಂಬತ್ತು ಜನ ಇದ್ದೇವೆ. ಮೆಕ್ಕೆಜೋಳ, ಅಡಿಕೆ ವ್ಯಾಪಾರದ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುತ್ತೇವೆ. ತೂಕದ ಚೀಟಿ, ಹಮಾಲಿ, ದಲಾಲಿ, ರೈತರಿಗೆ ಕೊಡುವ ಪಟ್ಟಿ, ಎಲ್ಲ ಅದರಲ್ಲೇ. ಕಳೆದ ವರ್ಷ ದೊಡ್ಡ ಗಿರಾಕಿಯೊಬ್ಬರು ಸಹಿ ಹಾಕುವ ಮುಂಚೆ ಒಂದು ಷರತ್ತು ಇಟ್ಟರು: ತಮಗೆ ಬರೆದ ಕೋಡ್ ಹೊರಗಿನವರ ಸರ್ವರ್‌ನಲ್ಲಿ ಇರಕೂಡದು. ಷರತ್ತು ನ್ಯಾಯವಾದದ್ದೇ. ಹಾಗಾಗಿ ನಮ್ಮ 14 ರೆಪೊಗಳನ್ನೂ (ಕೋಡ್ ಮತ್ತು ಅದರ ಬದಲಾವಣೆಗಳ ಇತಿಹಾಸ ಇರುವ ಗಿಟ್ ಭಂಡಾರಗಳು) ಆಫೀಸಿನೊಳಗೆ ತರುವ ಕೆಲಸ ನನ್ನ ಪಾಲಿಗೆ ಬಂತು.

ಗಿಟ್ ರೆಪೊಗಳನ್ನು ಸ್ವಂತ ಸರ್ವರ್‌ನಲ್ಲಿಟ್ಟು ಹಂಚಿಕೊಳ್ಳಲು ಇರುವ ಗಿಟೊಲೈಟ್, ಗಿಟ್‌ಲ್ಯಾಬ್, ಫೋರ್ಜೆಯೋ ಎಂಬ ಮೂರು ತಂತ್ರಾಂಶಗಳಲ್ಲಿ ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆಗೆ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ನನಗೆ ಅದು ತಡವಾಗಿ ಹೊಳೆಯಿತು. ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನಲ್ಲಿ ಯಾವುದು ಎಲ್ಲರ ಹತ್ತಿರವೂ ಇರುತ್ತದೆ, ಯಾವುದು ಒಂದೇ ಕಡೆ ಇರುತ್ತದೆ? ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದದ್ದೇ ಪ್ರತಿಯೊಬ್ಬರ ಕ್ಲೋನ್‌ನಲ್ಲೂ (ತಮ್ಮ ಯಂತ್ರಕ್ಕೆ ಇಳಿಸಿಕೊಂಡ ನಕಲು) ಪೂರ್ತಿ ಇತಿಹಾಸ ಇರುವ ಹಾಗೆ. 2011ರಲ್ಲಿ, ಲಿನಕ್ಸ್‌ನ ತಿರುಳಾದ ಕರ್ನಲ್ ಕೋಡ್ ಇಟ್ಟಿರುವ ಕರ್ನಲ್ ಡಾಟ್ ಆರ್ಗ್ ಸರ್ವರ್‌ಗಳಿಗೆ ಯಾರೋ ನುಗ್ಗಿದಾಗಲೂ ಲಿನಕ್ಸ್ ಕರ್ನಲ್ ಬರೆಯುವವರು ಕೋಡ್ ಬಗ್ಗೆ ಧೈರ್ಯವಾಗಿದ್ದರು. ಪ್ರತಿ ಕಮಿಟ್‌ಗೂ (ದಾಖಲಾದ ಒಂದು ಬದಲಾವಣೆ) ಒಂದು ಹ್ಯಾಶ್, ಅಂದರೆ ಅದರ ಒಳಗಿರುವುದರಿಂದಲೇ ಲೆಕ್ಕ ಹಾಕಿದ ಗುರುತಿನ ಸಂಖ್ಯೆ, ಇರುತ್ತದೆ, ಹಿಂದಿನ ಕಮಿಟ್‌ನ ಹ್ಯಾಶ್ ಮುಂದಿನದರೊಳಗೆ ಸೇರಿರುತ್ತದೆ. ಹಳೆಯದನ್ನು ಯಾರಾದರೂ ತಿದ್ದಿದರೆ ಜಗತ್ತಿನ ತುಂಬ ಇರುವ ಕ್ಲೋನ್‌ಗಳಿಗೆ ಅದು ತಾಳೆಯಾಗುವುದಿಲ್ಲ.

ಆದರೆ ಯಾರಿಗೆ ಯಾವ ಅನುಮತಿ, ಯಾವ ದೂರು ಬಾಕಿ, ರಿವ್ಯೂ ಮಾಡುವಾಗ ಯಾರು ಏನು ಹೇಳಿದರು ಎಂಬುದೆಲ್ಲ ಕ್ಲೋನ್ ಜೊತೆ ಬರುವುದಿಲ್ಲ. ಅವು ಸಾಮಾನ್ಯವಾಗಿ ಸರ್ವರ್‌ನ ಡೇಟಾಬೇಸ್‌ನಲ್ಲಿ ಮಾತ್ರ ಇರುತ್ತವೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಡಾಟ್ ಕಾಮ್‌ನಲ್ಲಿ ಡೇಟಾಬೇಸ್ ತಪ್ಪಿ ಅಳಿಸಿಹೋಯಿತು. ಸುಮಾರು ಆರು ಗಂಟೆಯ ದಾಖಲೆ ಹೋಯಿತು, ರೆಪೊಗಳು ಮಾತ್ರ ಉಳಿದವು. ಇದನ್ನು ಮತ್ತೆ ಓದಿದ ದಿನವೇ ನನ್ನ ಪರೀಕ್ಷೆಯ ರೀತಿ ಬದಲಾಯಿತು. ಸೌಲಭ್ಯಗಳ ಪಟ್ಟಿ ಪಕ್ಕಕ್ಕಿಟ್ಟೆ. ಸರ್ವರ್ ಸತ್ತರೆ, ನಾನೂ ಊರಲ್ಲಿಲ್ಲದಿದ್ದರೆ, ಬೇರೆಯವರು ಎಷ್ಟು ಹೊತ್ತಿಗೆ ಎಲ್ಲವನ್ನೂ ಎಬ್ಬಿಸಿ ನಿಲ್ಲಿಸುತ್ತಾರೆ ಎಂಬುದೇ ಅಳತೆಗೋಲಾಯಿತು.

ಮೂರಕ್ಕೂ ಯಂತ್ರ ಒಂದೇ: ಹಳೇ ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್, ಎರಡು ಡಿಸ್ಕ್, ಡೆಬಿಯನ್, ಒಂದು ಯುಪಿಎಸ್. ಒಂದೊಂದನ್ನೂ ಎರಡು ತಿಂಗಳು ನಿಜವಾದ ಕೆಲಸಕ್ಕೇ ಬಳಸಿದೆವು.

ಅದಕ್ಕೂ ಮುಂಚೆ ಏನನ್ನೂ ಹಾಕದೆ ಬರೀ ಎಸ್‌ಎಸ್‌ಎಚ್ (ಇನ್ನೊಂದು ಯಂತ್ರಕ್ಕೆ ಸುರಕ್ಷಿತವಾಗಿ ಸೇರುವ ದಾರಿ) ಮೇಲೆ ಬೇರ್ ರೆಪೊ (ಕೆಲಸದ ಫೈಲ್‌ಗಳಿಲ್ಲದೆ ಇತಿಹಾಸ ಮಾತ್ರ ಇರುವ ರೆಪೊ) ಇಟ್ಟು ಮೂರು ವಾರ ನಡೆಸಿದ್ದೆವು. ಒಂದು ಬೆಳಿಗ್ಗೆ ನಮ್ಮ ಹುಡುಗಿಯೊಬ್ಬಳು ಬಂದು, "ಸರ್, ನಾನು ಎರಡು ದಿನ ಬರೆದಿದ್ದು ಎಲ್ಲಿ ಹೋತು?" ಎಂದಳು. ಪಕ್ಕದವನು ಫೋರ್ಸ್ ಪುಶ್ ಮಾಡಿದ್ದ. ಪುಶ್ ಎಂದರೆ ಬರೆದದ್ದನ್ನು ಸರ್ವರ್‌ಗೆ ಕಳಿಸುವುದು, ಫೋರ್ಸ್ ಎಂದರೆ ಅಲ್ಲಿದ್ದದ್ದನ್ನು ಬದಿಗೊತ್ತಿ ಬಲವಂತವಾಗಿ ತನ್ನದನ್ನು ಇಡುವುದು. ಅವಳ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಇದ್ದುದರಿಂದ ಹತ್ತು ನಿಮಿಷದಲ್ಲಿ ವಾಪಸ್ ಬಂತು. ಬೇರ್ ರೆಪೊದಲ್ಲಿ ರೆಫ್‌ಲಾಗ್ (ಕೋಡ್‌ನ ಕವಲುಗಳು ಮುಂಚೆ ಯಾವ ಕಮಿಟ್‌ನಲ್ಲಿದ್ದವು ಎಂಬ ದಾಖಲೆ) ತಾನಾಗಿ ಉಳಿಯುವುದಿಲ್ಲ, ನಾವೇ ಆನ್ ಮಾಡಬೇಕು. ಫೋರ್ಸ್ ಪುಶ್ ತಡೆಯುವುದಕ್ಕೂ ಒಂದು ಸೆಟ್ಟಿಂಗ್ ಇದೆ. ಎರಡನ್ನೂ ನಾನು ಮಾಡಿರಲಿಲ್ಲ. ಒಬ್ಬರೇ ಕೆಲಸ ಮಾಡುವುದಾದರೆ ಬೇರ್ ರೆಪೊ ಸಾಕು, ಕಂಪನಿಗೆ ಸಾಲದು.

ಗಿಟೊಲೈಟ್ ಬರೆದವರು ಹೈದರಾಬಾದಿನ ಸೀತಾರಾಮ್ ಚಮರ್ತಿ. ಪರ್ಲ್ ಭಾಷೆಯಲ್ಲಿದೆ. ಕರ್ನಲ್ ಡಾಟ್ ಆರ್ಗ್ ಕೂಡ ಇದನ್ನೇ ನೆಚ್ಚಿಕೊಂಡಿದೆ. ಇದಕ್ಕೆ ಸದಾ ಓಡುತ್ತಿರುವ ಪ್ರೋಗ್ರಾಂ ಇಲ್ಲ, ಯಾರಾದರೂ ಎಸ್‌ಎಸ್‌ಎಚ್‌ನಲ್ಲಿ ಬಂದಾಗ ಮಾತ್ರ ಎದ್ದು ಅನುಮತಿ ನೋಡುತ್ತದೆ. ಹಾಗಾಗಿ ರ‍್ಯಾಮ್ ಲೆಕ್ಕ ಹೇಳುವಂಥದ್ದೇ ಇಲ್ಲ. ಆರ್ ಎಂದರೆ ಓದಬಹುದು, ಆರ್‌ಡಬ್ಲ್ಯು ಎಂದರೆ ಬರೆಯಬಹುದು, ಅದರ ಮುಂದೆ ಪ್ಲಸ್ ಇದ್ದವರಿಗಷ್ಟೇ ಫೋರ್ಸ್ ಪುಶ್. ಇದರಲ್ಲಿ ನನಗೆ ತುಂಬ ಹಿಡಿಸಿದ್ದು, ಈ ಅನುಮತಿಗಳೂ ಎಲ್ಲರ ಗುರುತು ಹೇಳುವ ಎಸ್‌ಎಸ್‌ಎಚ್ ಕೀಗಳೂ ಮತ್ತೊಂದು ಗಿಟ್ ರೆಪೊದಲ್ಲೇ ಇರುವುದು. ಅಂದರೆ ಯಾರಿಗೆ ಯಾವಾಗ ಯಾಕೆ ಅನುಮತಿ ಕೊಟ್ಟೆವು ಎಂಬುದಕ್ಕೂ ಇತಿಹಾಸ ಇದೆ, ಅದೂ ನನ್ನ ಲ್ಯಾಪ್‌ಟಾಪ್‌ನಲ್ಲಿ ಕ್ಲೋನ್ ಆಗಿ ಕೂತಿದೆ.

ಕೊರತೆ ಒಂದೇ, ಆದರೆ ದೊಡ್ಡದು: ಬ್ರೌಸರ್‌ನಲ್ಲಿ ನೋಡಲು ಏನೂ ಇಲ್ಲ. ರಿವ್ಯೂ ಎಲ್ಲ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು. ಜಿಎಸ್‌ಟಿ ಲೆಕ್ಕದ ಒಂದು ಬದಲಾವಣೆಗೆ ಯಾರು ಒಪ್ಪಿಗೆ ಕೊಟ್ಟರು ಎಂದು ಹುಡುಕಲು ಅರ್ಧ ದಿನ ಮೆಸೇಜುಗಳನ್ನು ಜಾಲಾಡಿದೆ. ಹೊಸದಾಗಿ ಸೇರಿದವರು ಕೋಡ್ ಬಗ್ಗೆ ಕೇಳುವುದನ್ನೇ ಕಡಿಮೆ ಮಾಡಿದರು. ಅದು ನನಗೆ ನಿಜವಾಗಿ ನೋವಾದ ವಿಷಯ.

ಗಿಟ್‌ಲ್ಯಾಬ್ ಹಾಕಿದ ದಿನ ಎಲ್ಲರ ಮುಖದಲ್ಲೂ ಕಳೆ. ಮರ್ಜ್ ರಿಕ್ವೆಸ್ಟ್ (ತನ್ನ ಬದಲಾವಣೆ ಸೇರಿಸಿಕೊಳ್ಳಿ ಎಂದು ಕೇಳುವುದು), ಸಾಲು ಸಾಲಿಗೆ ಟಿಪ್ಪಣಿ, ಪುಶ್ ಮಾಡಿದೊಡನೆ ಟೆಸ್ಟ್ ಓಡಿಸುವ ವ್ಯವಸ್ಥೆ. ಮೂರರಲ್ಲಿ ಕೈತುಂಬ ಕೊಡುವುದು ಇದೇ, ಅನುಮಾನವಿಲ್ಲ. ಆದರೆ ಒಳಗೆ ಪ್ಯೂಮಾ, ಸೈಡ್‌ಕಿಕ್, ಪೋಸ್ಟ್‌ಗ್ರೆಸ್, ರೆಡಿಸ್, ಗಿಟಾಲಿ, ಎಂಜಿನ್‌ಎಕ್ಸ್ ಎಂದು ಬೇರೆ ಬೇರೆ ಪ್ರೋಗ್ರಾಂಗಳ ದೊಡ್ಡ ಸಂಸಾರ. ಯಾರೂ ಬಳಸದೆ ಇರುವಾಗಲೂ ನಮ್ಮ ಯಂತ್ರದಲ್ಲಿ 4.5 ಜಿಬಿ ಹಿಡಿದು ಕೂತಿತ್ತು. ಏಪ್ರಿಲ್ ಬಿಸಿಲಿನಲ್ಲಿ ಕರೆಂಟ್ ಪದೇ ಪದೇ ಹೋಗುತ್ತದೆ, ಯುಪಿಎಸ್ ಕೈಕೊಟ್ಟ ಮಧ್ಯಾಹ್ನ ಎಲ್ಲವೂ ಎದ್ದು ನಿಲ್ಲಲು ಹಲವು ನಿಮಿಷ ಬೇಕಾಯಿತು. ತಿಂಗಳಿಗೊಂದು ಹೊಸ ಆವೃತ್ತಿ. ಎರಡು ವರ್ಷ ಮರೆತು ನೇರ ಹೊಸದಕ್ಕೆ ಹಾರಲು ಆಗುವುದಿಲ್ಲ, ನಡುವೆ ಹೇಳಿದ ಆವೃತ್ತಿಗಳಲ್ಲಿ ನಿಂತು ಹೋಗಬೇಕು. ಸರ್ವರ್ ನೋಡಿಕೊಳ್ಳಲೆಂದೇ ಒಬ್ಬರಿರುವ ಕಂಪನಿಗೆ ಇದು ಕಷ್ಟವಲ್ಲ. ನಮ್ಮಲ್ಲಿ ಆ ಒಬ್ಬರು ನಾನೇ, ಅದೂ ಸಂಜೆ ಆರರ ನಂತರ.

ಫೋರ್ಜೆಯೋ ಬಗ್ಗೆ ಹೇಳಬೇಕೆಂದರೆ ಮನೆತನದಿಂದ ಶುರು ಮಾಡಬೇಕು. ಗಾಗ್ಸ್ ಎಂಬ ಇಂಥದ್ದೇ ತಂತ್ರಾಂಶದಿಂದ 2016ರಲ್ಲಿ ಗಿಟೀ ಕವಲೊಡೆಯಿತು. ಗಿಟೀ ಹೆಸರಲ್ಲಿ ಕಂಪನಿಯಾದ ಮೇಲೆ, 2022ರ ಕೊನೆಯಲ್ಲಿ, ಅದರಿಂದ ಫೋರ್ಜೆಯೋ. ಬಳಸುವವರಿಗೆ ಎರಡೂ ಅಕ್ಕತಂಗಿಯರಂತೆ ಕಾಣುತ್ತವೆ. ಲಾಭಕ್ಕಾಗಿ ನಡೆಯದ ಸಂಘದ ಆಶ್ರಯದಲ್ಲಿದೆ ಎಂಬ ಕಾರಣಕ್ಕೆ ನಾನು ಫೋರ್ಜೆಯೋ ಹಿಡಿದೆ. ಗೋ ಭಾಷೆಯ ಒಂದೇ ಫೈಲ್, ಜೊತೆಗೆ ಎಸ್‌ಕ್ಯೂಲೈಟ್ ಡೇಟಾಬೇಸ್. ನಮ್ಮಲ್ಲಿ 200 ಎಂಬಿ ದಾಟಿದ್ದು ಅಪರೂಪ. ಪುಲ್ ರಿಕ್ವೆಸ್ಟ್ (ಮರ್ಜ್ ರಿಕ್ವೆಸ್ಟ್‌ನದೇ ಇನ್ನೊಂದು ಹೆಸರು), ಬ್ರಾಂಚ್‌ಗೆ (ಕೋಡ್‌ನ ಕವಲು) ಕಾವಲು, ಬಾಕಿ ಕೆಲಸಗಳ ಪಟ್ಟಿ ಎಲ್ಲ ಇದೆ. ಟೆಸ್ಟ್ ಓಡಿಸುವ ಭಾಗ ಗಿಟ್‌ಲ್ಯಾಬ್‌ನಷ್ಟು ಪಳಗಿಲ್ಲ. ನಮ್ಮ ಒಂದು ರೆಪೊಗೆ ಅದನ್ನು ಹೊಂದಿಸಲು ಎರಡು ಸಂಜೆ ಹಿಡಿಯಿತು.

ಈಗ ಮುಖ್ಯ ಪರೀಕ್ಷೆ. ಸೇರಿ ಒಂದು ವರ್ಷವಾದ ಹುಡುಗನ ಕೈಗೆ ಖಾಲಿ ಯಂತ್ರ, ಬ್ಯಾಕಪ್ ಡಿಸ್ಕ್, ನಾನು ಬರೆದ ಒಂದು ಪುಟದ ಸೂಚನೆ ಕೊಟ್ಟು, "ನನ್ನನ್ನ ಏನೂ ಕೇಳಬ್ಯಾಡಪ್ಪ" ಎಂದು ಪಕ್ಕದ ಕೋಣೆಯಲ್ಲಿ ಕೂತೆ.

ಗಿಟೊಲೈಟ್ 25 ನಿಮಿಷ. ರೆಪೊಗಳ ಫೋಲ್ಡರ್ ಕಾಪಿ, ಅಡ್ಮಿನ್ ಕೀ, ಸೆಟಪ್ ಕಮಾಂಡ್, ಮುಗಿಯಿತು.

ಗಿಟ್‌ಲ್ಯಾಬ್ ಮೊದಲ ದಿನ ಆಗಲೇ ಇಲ್ಲ. ಬ್ಯಾಕಪ್ ತೆಗೆದ ಆವೃತ್ತಿ ಯಾವುದೋ ಅದೇ ಆವೃತ್ತಿಯ ಮೇಲೆ ಮಾತ್ರ ವಾಪಸ್ ಹಾಕಬಹುದು. ಅವನು ಹೊಸದನ್ನು ಹಾಕಿದ್ದ, ನನ್ನ ಪುಟದಲ್ಲಿ ಆ ಸಂಖ್ಯೆ ಇರಲಿಲ್ಲ. ಮರುದಿನ ಅದೂ ಸರಿಹೋಯಿತು, ಆದರೆ ಟೆಸ್ಟ್‌ಗೆಂದು ಇಟ್ಟಿದ್ದ ಪಾಸ್‌ವರ್ಡ್‌ಗಳು ತೆರೆಯಲಿಲ್ಲ. ರಹಸ್ಯ ಕೀಗಳ ಫೈಲ್ ಆ ಬ್ಯಾಕಪ್‌ನೊಳಗೆ ಸೇರುವುದಿಲ್ಲ, ಬೇರೆಯಾಗಿ ಎತ್ತಿಡಬೇಕು. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನನ್ನ ಸ್ಕ್ರಿಪ್ಟ್‌ನಲ್ಲಿ ಅದು ಬಿಟ್ಟುಹೋಗಿತ್ತು. ಗಿಟ್‌ಲ್ಯಾಬ್ ಇಡುವವರು ಇವತ್ತೇ ಈ ಎರಡನ್ನು ನೋಡಿಕೊಳ್ಳಿ.

ಫೋರ್ಜೆಯೋ 50 ನಿಮಿಷ. ಸರ್ವಿಸ್ ನಿಲ್ಲಿಸಿ ತೆಗೆದ ಪೂರ್ತಿ ಡೇಟಾ ಫೋಲ್ಡರ್, ಸೆಟ್ಟಿಂಗ್ ಫೈಲ್, ಅದೇ ಆವೃತ್ತಿಯ ಪ್ರೋಗ್ರಾಂ, ಇಷ್ಟನ್ನು ಜಾಗಕ್ಕಿಟ್ಟರೆ ಎದ್ದಿತು. ಪುಶ್ ಮಾತ್ರ ಆಗಲಿಲ್ಲ, ಪುಶ್ ಬಂದಾಗ ತಾನಾಗಿ ಓಡುವ ಹುಕ್ ಎಂಬ ಪುಟ್ಟ ಸ್ಕ್ರಿಪ್ಟ್‌ಗಳೊಳಗೆ ಹಳೇ ಯಂತ್ರದ ಫೋಲ್ಡರ್ ದಾರಿ ಬರೆದಿತ್ತು. ಹುಕ್‌ಗಳನ್ನು ಮತ್ತೆ ಬರೆಸುವ ಕಮಾಂಡನ್ನು ಅವನೇ ಹುಡುಕಿ ಓಡಿಸಿದ. ಹೊರಗೆ ಬಂದು "ಆತು ಸರ್" ಎಂದಾಗ ಅವನಿಗಿಂತ ಸಂತೋಷ ನನಗೇ ಆಗಿತ್ತು.

ಈಗ ದಿನದ ಕೆಲಸಕ್ಕೆ ಫೋರ್ಜೆಯೋ. ಅದೇ ಆಫೀಸಿನ ಇನ್ನೊಂದು ಯಂತ್ರದಲ್ಲಿ ಗಿಟೊಲೈಟ್, ಪ್ರತಿ ಪುಶ್ ಅದಕ್ಕೂ ನಕಲಾಗಿ ಹೋಗುತ್ತದೆ. ಫೋರ್ಜೆಯೋ ಮಲಗಿದ ದಿನ ಎಲ್ಲರೂ ರಿಮೋಟ್ (ಪುಶ್ ಹೋಗುವ ಸರ್ವರ್‌ನ ವಿಳಾಸ) ಬದಲಿಸಿ ಕೆಲಸ ಮುಂದುವರಿಸಬಹುದು. ಡೇಟಾ ಫೋಲ್ಡರ್ ಪ್ರತಿ ಶುಕ್ರವಾರ ರಾತ್ರಿ ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್‌ಗೆ ಇಳಿಯುತ್ತದೆ. ಶನಿವಾರ ಊರಿಗೆ ಹೋಗುವ ನಮ್ಮ ಸಹೋದ್ಯೋಗಿ ಅದನ್ನು 60 ಕಿ.ಮೀ. ದೂರದ ಚಿತ್ರದುರ್ಗಕ್ಕೆ ಒಯ್ದು, ಅಲ್ಲಿ ಮನೆಯ ಬೀರುವಿನಲ್ಲಿಟ್ಟು, ಹಿಂದಿನ ವಾರದ ಡಿಸ್ಕ್ ವಾಪಸ್ ತರುತ್ತಾರೆ. ಇದಕ್ಕೆ ಆ ಗಿರಾಕಿಯಿಂದ ಲಿಖಿತ ಒಪ್ಪಿಗೆ ಪಡೆದಿದ್ದೇವೆ. ಮುಂದಿನ ತಿಂಗಳ ಮೊದಲ ಸೋಮವಾರ ಖಾಲಿ ಯಂತ್ರದ ಮುಂದೆ ಕೂರುವ ಸರದಿ, ಎರಡು ದಿನದ ಕೆಲಸ ಎಲ್ಲಿ ಹೋಯಿತೆಂದು ಕೇಳಿದ್ದ ಆ ಹುಡುಗಿಯದು. ಸೂಚನೆಯ ಪುಟವನ್ನು ಈ ಸಲ ಆ ಹುಡುಗನೇ ಬರೆದಿದ್ದಾನೆ.